ಗಾಲ್ಫ್ ಆಡುವಾಗ ನಡು ಉಳಿಸಿಕೊಳ್ಳುವುದು ಹೇಗೆ?

ಗಾಲ್ಫ್ ಕಲಿಯಲು ಬಂದವರು ಮೊದಲ ತಿಂಗಳಲ್ಲೇ ನಡು ಹಿಡಿದುಕೊಂಡು ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಓಡಬೇಕಾಗಿಲ್ಲ, ಯಾರೂ ಮೈಮೇಲೆ ಬೀಳುವುದಿಲ್ಲ. ಹಾಗಾಗಿ ಇದು ಹಗುರವಾದ ಆಟವೆಂದು ಎಲ್ಲರೂ ನಂಬಿರುತ್ತಾರೆ. ಆದರೆ ಪೂರ್ಣ ಸ್ವಿಂಗ್ ಒಂದರಲ್ಲಿ, ಅಂದರೆ ಕೋಲನ್ನು ಹಿಂದಕ್ಕೆತ್ತಿ ಚೆಂಡಿಗೆ ಬೀಸಿ ಹೊಡೆಯುವಾಗ, ಕೆಳಬೆನ್ನಿನ ಮೇಲೆ ದೇಹತೂಕದ ಸುಮಾರು ಎಂಟು ಪಟ್ಟು ಒತ್ತಡ ಬೀಳುವುದನ್ನು ಸಂಶೋಧಕರು ಅಳೆದಿದ್ದಾರೆ. ಗಾಲ್ಫ್ ತಾರೆ ಟೈಗರ್ ವುಡ್ಸ್ ಅವರಿಗೆ 2014ರಿಂದ ಮತ್ತೆ ಮತ್ತೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ, ಕೊನೆಗೆ 2017ರಲ್ಲಿ ಕೆಳಬೆನ್ನಿನ ಮೂಳೆಗಳನ್ನೇ ಬೆಸೆಯಬೇಕಾಯಿತು.

1. ಮೈ ಬಿಸಿ ಮಾಡಿಕೊಳ್ಳಿ

ಹತ್ತು ನಿಮಿಷ ಬಿರುಸಾಗಿ ನಡೆಯಿರಿ, ಸಣ್ಣ ಕ್ಲಬ್‌ನಿಂದ (ಗಾಲ್ಫ್ ಕೋಲು) ಅರ್ಧ ಸ್ವಿಂಗ್ ಮಾಡಿ, ದೂರ ಹೊಡೆಯುವ ಉದ್ದನೆಯ ಕ್ಲಬ್ ಆದ ಡ್ರೈವರ್ ಕೊನೆಗೆ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಹಾಸಿಗೆಯಿಂದೆದ್ದು ನೇರವಾಗಿ ಮೈದಾನಕ್ಕೆ ಬಂದು, ಬಗ್ಗಿ ಕಾಲ್ಬೆರಳು ಮುಟ್ಟುವ ಕಸರತ್ತು ಬೇಡವೇ ಬೇಡ.

2. ಬಗ್ಗುವುದನ್ನು ಕಲಿಯಿರಿ

ಹತ್ತರಲ್ಲಿ ಎಂಟು ಜನ ಕೆಡಿಸಿಕೊಳ್ಳುವುದು ಇಲ್ಲಿಯೇ. 'ಸೊಂಟದಿಂದ ಬಗ್ಗಿ' ಎಂದರೆ ಬೆಲ್ಟ್ ಕಟ್ಟುವ ಜಾಗದಿಂದ ಬಗ್ಗುತ್ತಾರೆ, ಬೆನ್ನು ಬಿಲ್ಲಾಗುತ್ತದೆ. ಹಾಗೆ ಬಾಗಿದ ಬೆನ್ನನ್ನು ರಭಸದಿಂದ ತಿರುಚುವುದೇ ಡಿಸ್ಕ್‌ಗೆ ದೊಡ್ಡ ಪೆಟ್ಟು. ಬಗ್ಗಬೇಕಾದದ್ದು ತೊಡೆ ಮತ್ತು ಹೊಟ್ಟೆ ಸೇರುವ ಸಂದಿನಲ್ಲಿ.

ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಲ್ಲಿ. ಕ್ಲಬ್ಬನ್ನು ಬೆನ್ನಿನುದ್ದಕ್ಕೂ ಹಿಡಿಯಿರಿ: ತಲೆಯ ಹಿಂಭಾಗ, ಹೆಗಲುಗಳ ನಡುವೆ, ಬಾಲಮೂಳೆ, ಮೂರೂ ಕಡೆ ಅದು ತಾಗಿರಲಿ. ಮಂಡಿಯನ್ನು ತುಸುವೇ ಸಡಿಲಿಸಿ ಪೃಷ್ಠವನ್ನು ಗೋಡೆಗೆ ಮುಟ್ಟಿಸಿ. ಕ್ಲಬ್ ಬಾಲಮೂಳೆಯನ್ನು ಬಿಟ್ಟರೆ ನಡು ಗೂನಾಗಿದೆ. ತಲೆಯನ್ನು ಬಿಟ್ಟರೆ ಕುತ್ತಿಗೆ ಜೋತಿದೆ. ನಡುವಿಗೂ ಕ್ಲಬ್ಬಿಗೂ ಮಧ್ಯೆ ಅಂಗೈ ತೂರುವಷ್ಟು ಜಾಗ ಸಾಕು. ಮುಷ್ಟಿಯೇ ತೂರಿದರೆ ಎದೆಯುಬ್ಬಿಸಿ ನಡುವನ್ನು ಒಳಕ್ಕೆ ಬಗ್ಗಿಸಿದ್ದೀರಿ, ಅದೂ ನೋವಿನ ದಾರಿಯೇ. ಸರಿಯಾಗಿದ್ದರೆ ತೊಡೆಯ ಹಿಂದಿನ ಸ್ನಾಯು ಎಳೆಯುತ್ತದೆ, ಬೆನ್ನು ಸುಮ್ಮನಿರುತ್ತದೆ. ಚೆಂಡನ್ನು ಮುಟ್ಟುವ ಮೊದಲು ಇದನ್ನೇ ಒಂದು ವಾರ ಮಾಡಿ. ಕನ್ನಡಿ ಸಾಲದು, ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರಿಸಿಕೊಂಡು ನೋಡಿ.

ನಿಮಗಿಂತ ಗಿಡ್ಡಗಿರುವ ಸ್ನೇಹಿತರ ಕ್ಲಬ್ಬನ್ನು ಎರವಲು ತರಬೇಡಿ. ಎರಡು ಅಂಗುಲ ಕಡಿಮೆಯಾದರೂ ಅಷ್ಟನ್ನು ಬೆನ್ನೇ ಬಾಗಿ ತುಂಬಿಕೊಡುತ್ತದೆ. ನೋವು ನಿವಾರಿಸುತ್ತದೆಂದು ಮಾರುವ ಅಯಸ್ಕಾಂತದ ಪಟ್ಟಿಗಳಿಗೆ ಹಣ ಸುರಿಯಬೇಡಿ.

3. ತಿರುಗಿ, ತಿರುಚಬೇಡಿ

ಕೆಳಬೆನ್ನಿನ ಐದೂ ಮೂಳೆಗಳು ಸೇರಿ ಒಂದು ಕಡೆಗೆ ತಿರುಗುವುದು ಹತ್ತು-ಹದಿನೈದು ಡಿಗ್ರಿಯಷ್ಟೇ. ಉಳಿದ ತಿರುವು ತೊಡೆಯ ಕೀಲಿನಿಂದ, ಮೇಲ್ಬೆನ್ನಿನಿಂದ ಬರಬೇಕು. ಸೊಂಟವನ್ನು ಬಿಗಿಹಿಡಿದು ಭುಜವನ್ನಷ್ಟೇ ತಿರುಗಿಸಿದರೆ ಚೆಂಡು ದೂರ ಹೋಗುತ್ತದೆ ಎಂಬ ಪಾಠವನ್ನು ಹವ್ಯಾಸಿಗಳು ಮರೆತುಬಿಡುವುದು ಒಳ್ಳೆಯದು. ಹಿಂದಕ್ಕೆ ತಿರುಗುವಾಗ ಮುಂದಿನ, ಅಂದರೆ ಗುರಿಯ ಕಡೆಗಿರುವ, ಕಾಲಿನ ಹಿಮ್ಮಡಿ ಏಳಲಿ. ಹಳೆಯ ಕಾಲದ ಆಟಗಾರರು ಹಾಗೆಯೇ ಆಡುತ್ತಿದ್ದರು. ಅದೇ ಪಾದವನ್ನು ಮೊದಲೇ ಗುರಿಯ ಕಡೆಗೆ ತುಸು ತೆರೆದಿಡಿ. ಹೊಡೆದ ಮೇಲೆ ಹೊಕ್ಕುಳು ಗುರಿಯನ್ನು ನೋಡುತ್ತಿರಲಿ, ತೂಕವೆಲ್ಲ ಮುಂದಿನ ಕಾಲಿನ ಮೇಲಿರಲಿ, ಮೈ ನೆಟ್ಟಗಿರಲಿ. ಹಿಂದಕ್ಕೆ ಬಾಗಿ ನಿಲ್ಲುವ ಭಂಗಿ ಫೋಟೋದಲ್ಲಿ ಚಂದ, ಮೂಳೆಯ ಕೀಲುಗಳಿಗೆ ಅಲ್ಲ.

4. ಚೀಲ ಮತ್ತು ಚೆಂಡು

ತಳ್ಳುವ ಗಾಡಿ ಬಳಸಿ. ಹೊರಲೇಬೇಕಿದ್ದರೆ ಎರಡೂ ಹೆಗಲಿಗೆ ಪಟ್ಟಿ ಇರಲಿ. ಹದಿನಾಲ್ಕು ಕ್ಲಬ್‌ವರೆಗೆ ಒಯ್ಯಬಹುದೆಂದು ಎಲ್ಲವನ್ನೂ ತುಂಬಬೇಕಿಲ್ಲ. ಕುಳಿಯಿಂದ ಚೆಂಡು ತೆಗೆಯುವಾಗ ಕ್ಲಬ್ ಊರಿಕೊಂಡು, ಒಂದು ಕಾಲನ್ನು ಹಿಂದಕ್ಕೆತ್ತಿ, ತೊಡೆಸಂದಿನಿಂದಲೇ ಬಗ್ಗಿ.

ಆಡಿದ ಮರುದಿನ ಸ್ನಾಯು ಬಿಗಿದಿದ್ದರೆ ನಡೆದಾಡಿ, ಸಡಿಲವಾಗುತ್ತದೆ. ನೋವು ಕಾಲಿಗಿಳಿದರೆ, ಪಾದ ಜೋಮು ಹಿಡಿದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.