ಫೈಲಿಗೆ ‘ಮುತ್ಯಾ’ ಅಂತ ಹೆಸರಿಟ್ರ ಯಾರ ಮುತ್ಯಾ? ಹಳೇ ಫೋಟೊ, ಕಾಗದಪತ್ರ ಕಂಪ್ಯೂಟರ್‌ನ್ಯಾಗ ಜೋಡಿಸೋದು ಹೆಂಗ

ನಮ್ಮ ಕಡಿ ಹಳೇ ಟ್ರಂಕು ತೆಗಿಯೋದು ಎರಡೇ ಹೊತ್ತಿನ್ಯಾಗ, ಒಂದು ಹೊಲ-ಮನಿ ಪಾಲಾಗುವಾಗ, ಇನ್ನೊಂದು ಮಕ್ಕಳಿಗೆ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್ ಬೇಕಾದಾಗ. ಆಗ ಯಾರರೆ ಒಬ್ಬ ಹುಡುಗ ಮೊಬೈಲ್ ಹಿಡಿದು ಸಿಕ್ಕಿದ್ದೆಲ್ಲಾ ಫೋಟೊ ಹೊಡದು ಫ್ಯಾಮಿಲಿ ಗ್ರೂಪಿಗೆ ಹಾಕ್ತಾನ, ಎಲ್ಲಾರೂ ಕೈ ಮುಗಿಯೋ ಎಮೋಜಿ ಹಾಕ್ತಾರ, ಅಲ್ಲಿಗೆ ಕೆಲಸ ಮುಗೀತು ಅಂತ ತಿಳಕೊಂತಾರ. ಮುಂದ ಅದೇ ಕಾಗದ ಬೇಕಾದ್ರ ಸಿಗಲ್ಲ, ಸಿಕ್ರೂ ದೊಡ್ಡದು ಮಾಡಿದ್ರ ಅಕ್ಷರ ಒಡೀತಾವ. ಯಾಕಂದ್ರ ವಾಟ್ಸಾಪ್ ಫೋಟೊನ ಕುಗ್ಗಿಸೇ ಕಳಸ್ತದ. ಕಳಸಲೇಬೇಕಂದ್ರ ‘ಡಾಕ್ಯುಮೆಂಟ್’ ಅಂತ ಕಳಸ್ರಿ.

ಮೊದಲು ಸ್ಕ್ಯಾನ್. ಸಾಮಾನ್ಯ ಸೈಜಿನ ಫೋಟೊ ಇದ್ರ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ), ಪಾಸ್‌ಪೋರ್ಟ್ ಸೈಜಿಂದು 1200, ಕಾಗದಪತ್ರಕ್ಕ 300 ಸಾಕು. ಎಲ್ಲಾ ಕಲರ್‌ನ್ಯಾಗ, ಬ್ಲಾಕ್ ಅಂಡ್ ವೈಟ್ ಫೋಟೊನೂ. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾ ಕಡಿ ಯಾವುದರೆ ಝೆರಾಕ್ಸ್ ಅಂಗಡಿಗೆ ಹೋದ್ರೂ ಇದನ್ನ ಬಾಯಿಬಿಟ್ಟು ಹೇಳ್ರಿ, ಹೇಳದಿದ್ರ ಅವರು 150ಕ್ಕ ಇಟ್ಟು ಪಿಡಿಎಫ್ ಮಾಡಿ ಕೊಡ್ತಾರ. ಮ್ಯಾಲಿಂದ ಕಾಗದ ತಾನೇ ಎಳಕೊಳ್ಳೋ ಮಷೀನಿಗೆ ಹಳೇ ಕಾಗದ ಕೊಡಲೇಬ್ಯಾಡ್ರಿ, ಗ್ಲಾಸಿನ ಮ್ಯಾಲೆ ಇಟ್ಟೇ ತಗೀಬೇಕು. ಮೊಬೈಲ್ ಸ್ಕ್ಯಾನ್ ಆ್ಯಪ್ ಬಳಸೋರು ಅದರ ಫಿಲ್ಟರ್ ಬಂದ್ ಮಾಡ್ರಿ, ಅದು ಕಾಗದ ಬೆಳ್ಳಗ ಮಾಡೋ ಹುರುಪಿನ್ಯಾಗ ನೇರಳೆ ಬಣ್ಣದ ಸೀಲನ್ನೂ ಅಳಿಸಿಬಿಡ್ತದ, ದಾಖಲೆಯೊಳಗ ಇರೋ ಜೀವನೇ ಆ ಸೀಲು. ಫೋಟೊದ ಹಿಂದಿನ ಭಾಗಾನೂ ಸ್ಕ್ಯಾನ್ ಆಗಬೇಕು, ಸ್ಟುಡಿಯೋ ಹೆಸರು, ತಾರೀಖು, ಪೆನ್ಸಿಲ್ ಬರಹ ಅಲ್ಲೇ ಇರ್ತಾವ.

ಅಂಟು ಪುಟದ ಆಲ್ಬಂ ಇದ್ರ ಫೋಟೊ ಕಿತ್ತಬ್ಯಾಡ್ರಿ. ಹಲ್ಲು ಸ್ವಚ್ಛ ಮಾಡೋ ದಾರ ಮೆಡಿಕಲ್ ಅಂಗಡ್ಯಾಗ ಸಿಗ್ತದ, ಅದನ್ನ ಫೋಟೊ ಕೆಳಗ ನಿಧಾನ ಎಳೀರಿ, ಬರದಿದ್ರ ಪುಟಸಮೇತ ಸ್ಕ್ಯಾನ್ ಮಾಡ್ರಿ. ಇನ್ನ ಲ್ಯಾಮಿನೇಶನ್ ಮಾಡಿಸೋರಿಗೆ ಕೈಮುಗಿದು ಹೇಳ್ತೀನಿ, ಬ್ಯಾಡ. ಒಮ್ಮಿ ಬಿಸಿ ಪ್ಲಾಸ್ಟಿಕ್ ಹತ್ತಿದ್ರ ಮುಗೀತು, ತಗೀಲಾಕ ಬರಲ್ಲ.

ಇಲ್ಲಿತನ ಎಲ್ಲಾರೂ ಮಾಡ್ತಾರ. ಎಡವೋದು ಹೆಸರಿಡೋದ್ರಾಗ.

ನಾ ನೋಡಿದ ಕಂಪ್ಯೂಟರ್‌ಗಳಾಗ ‘ಮುತ್ಯಾ’, ‘ಆಯಿ’, ‘ದೊಡ್ಡ ಕಾಕಾ ಮದುವಿ ನ್ಯೂ’ ಅಂತ ಫೈಲ್ ಹೆಸರು ಇರ್ತಾವ. ನಿಮಗ ಮುತ್ಯಾ ಆದವರು ನಿಮ್ಮ ಅಪ್ಪಗ ಅಪ್ಪ, ನಿಮ್ಮ ಅತ್ತಿ ಮಗಗ ಅವ್ವನ ಕಡಿ ಮುತ್ಯಾ, ನಾಳೆ ನಿಮ್ಮ ಮಗ ಅದೇ ಫೈಲ್ ತೆಗೆದ್ರ ಅವನಿಗೆ ಮುತ್ಯಾ ಅಂದ್ರ ನಿಮ್ಮ ಅಪ್ಪ. ಹಂಗಾಗಿ ಸಂಬಂಧ ಬರೀಬ್ಯಾಡ್ರಿ, ಹೆಸರು ಬರೀರಿ. ಆದ್ರ ಹೆಸರಿನದೂ ಒಂದು ತ್ರಾಸು ಅದ, ನಮ್ಮಲ್ಲಿ ಮುತ್ಯಾನ ಹೆಸರೇ ಮೊಮ್ಮಗಗ ಇಡ್ತಾರ, ಒಂದೇ ಮನ್ಯಾಗ ಮೂರು ಶರಣಪ್ಪ ಇರ್ತಾರ. ಅದಕ್ಕ ಹೆಸರಿನ ಮುಂದ ಹುಟ್ಟಿದ ವರ್ಷ ಹಚ್ರಿ, ಶರಣಪ್ಪ-1921, ಶರಣಪ್ಪ-1974. ಖರೇ ವರ್ಷ ಗೊತ್ತಿಲ್ದಿದ್ರ ಅಂದಾಜಿಂದು ಹಾಕ್ರಿ, ಆದ್ರ ಎಲ್ಲಾ ಫೈಲಿನ್ಯಾಗೂ ಅದೇ ಇರ್ಲಿ.

ಫೈಲ್ ಹೆಸರು ಶುರುವಾಗೋದು ವರ್ಷದಿಂದ, ಆಮ್ಯಾಲೆ ತಿಂಗಳು, ದಿನ. ಹಿಂಗ:

1958-05-00 ಶರಣಪ್ಪ-1921 ಮದುವಿ ಆಳಂದ 01

ದಿನ ಗೊತ್ತಿಲ್ಲಾಂದ್ರ 00. ವರ್ಷಾನೇ ಅಂದಾಜು ಇದ್ರ 1960-00-00 ಅಂತ ಬರದು ಮುಂದ ‘ಅಂದಾಜು’ ಅನ್ರಿ. 196 ಮುಂದ ಇಂಟು ಗುರ್ತು ಹಾಕೋ ಜಾಣತನ ಬ್ಯಾಡ, ವಿಂಡೋಸ್ ಅದನ್ನ 196 ಅಂತ ಓದಿ ಎಲ್ಲಾಕ್ಕಿಂತ ಮ್ಯಾಲೆ ಕೂಡಸ್ತದ. ತಾರೀಖಿಗೆ ಓರೆಗೆರಿ ಹಾಕ್ಲಾಕ ವಿಂಡೋಸ್ ಬಿಡಲ್ಲ, ಅಡ್ಡಗೆರಿನೇ ಸೈ. ಕನ್ನಡದಾಗ ಟೈಪ್ ಮಾಡೋರು ಯೂನಿಕೋಡ್‌ನ್ಯಾಗೇ ಮಾಡ್ರಿ, ಹಳೇ ನುಡಿ ಫಾಂಟ್‌ನ್ಯಾಗ ಮಾಡಿದ ಪಟ್ಟಿ ಆ ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ಬರೇ ಇಂಗ್ಲಿಷ್ ಕಸ ಕಾಣಸ್ತದ.

ಊರು ಅಂದಿನ ಹೆಸರಿಲೇ ಇರ್ಲಿ, ಜಿಲ್ಲಾ ಬರೀಬ್ಯಾಡ್ರಿ. ಸುರಪುರ, ಶಹಾಪುರ 2009ರ ತನಕ ಗುಲ್ಬರ್ಗಾ ಜಿಲ್ಲಾದಾಗೇ ಇದ್ವು, ಈಗ ಯಾದಗಿರಿ. ಗುಲ್ಬರ್ಗಾ ಅನ್ನೋದೂ 2014ರಾಗ ಕಲಬುರಗಿ ಆತು. ಜಿಲ್ಲಾ ನಂಬಿ ಫೋಲ್ಡರ್ ಮಾಡಿದವರು ಒಂದೇ ಊರಿನ ಕಾಗದ ಎರಡು ಕಡಿ ಹುಡುಕ್ಕೊಂತ ಕೂಡ್ತಾರ. ಫೋಲ್ಡರಂತೂ ನನ್ನ ಪ್ರಕಾರ ದಶಕಕ್ಕೊಂದು ಸಾಕು, 1940, 1950, ಹಿಂಗ. ಫೋಲ್ಡರಿನೊಳಗ ಫೋಲ್ಡರ್ ಮಾಡೋದು ಕೆಲಸ ಮುಂದೂಡೋ ನೆಪ ಅಷ್ಟೇ.

ಈಗ ನಮ್ಮ ಭಾಗದ ಖಾಸ್ ತಲಿನೋವು. ನಿಜಾಮರ ಕಾಲದ ಕಾಗದ ಬಹಳಷ್ಟು ಉರ್ದುವಿನ್ಯಾಗ ಅದಾವ, ಬೀದರ್ ಕಡಿ ಮರಾಠಿ ಮೋಡಿ ಲಿಪಿನೂ ಸಿಗ್ತದ, ತಾರೀಖು ನೋಡಿದ್ರ 1340 ಅಂತ ಇರ್ತದ. ಅದನ್ನ ನೋಡಿ ‘ಬಹಮನಿ ಕಾಲದ್ದು’ ಅಂತ ಸ್ಟೇಟಸ್ ಹಾಕಿದವರನ್ನ ನೋಡೀನಿ. ಅದು ಫಸಲಿ ವರ್ಷ, ಅಂದ್ರ ಕಂದಾಯದ ಲೆಕ್ಕದ ವರ್ಷ ಮಾರಾಯ್ರೇ. ಹೈದರಾಬಾದ್ ಸಂಸ್ಥಾನದ ಫಸಲಿ ಅಕ್ಟೋಬರ್‌ದಾಗ ಆಜೂರ್ ತಿಂಗಳಿಂದ ಶುರುವಾಗ್ತದ. ಇಸವಿ ತಿಳೀಲಾಕ ಆಜೂರ್, ದೈ, ಬಹಮನ್ ತಿಂಗಳು ಇದ್ರ 590 ಕೂಡಿಸ್ರಿ, ಇಸ್ಫಂದಾರ್‌ದಿಂದ ಮುಂದಿನವಕ್ಕ 591. ಬಹಮನ್ ಕಡೀ ದಿನಗಳು ಮಾತ್ರ ಜನವರಿಗೆ ದಾಟ್ತಾವ, ಅವಕ್ಕೂ 591. ತಾಳೆ ನೋಡ್ಲಾಕ ಒಂದು ಉದಾಹರಣಿ, ಜಾಗೀರು ರದ್ದು ಮಾಡಿದ ಕಾಯ್ದೆ 1358 ಫಸಲಿ ಅಂತ ಇರ್ತದ, ಅದು ಬಂದದ್ದು 1949ರ ಆಗಸ್ಟ್‌ದಾಗ, 591 ಕೂಡಿಸಿದ್ರ ಸರಿ ಬರ್ತದ.

ಹಿಜರಿ (ಮುಸ್ಲಿಂ ಪಂಚಾಂಗದ) ವರ್ಷಾನೂ ಅದೇ ಕಾಗದದಾಗ ಇರಬಹುದು, ಆ ಕಾಲಕ್ಕ ಎರಡರ ನಡು ಸುಮಾರು ಹತ್ತು ವರ್ಷದ ಫರಕು, 1947ರ ಕೊನಿಗೆ ಫಸಲಿ 1357 ಇದ್ರ ಹಿಜರಿ 1367. ಯಾವುದಂತ ನೋಡದೇ ಕೂಡಿಸಿದ್ರಿ ಅಂದ್ರ ಹೊಲ ಹತ್ತು ವರ್ಷ ತಡವಾಗಿ ಕೊಂಡಂಗಾಗ್ತದ. ಹಳೇ ಲಗ್ನಪತ್ರಿಕಿ ಇನ್ನೂ ಮಜಾ, ಬರೇ ‘ಪ್ಲವ ಸಂವತ್ಸರ’ ಅಂತಿರ್ತದ, ಅದು ಅರವತ್ತು ವರ್ಷಕ್ಕೊಮ್ಮಿ ಬರ್ತದ, 1901, 1961, 2021. ಯಾವುದು ಅಂತ ಮದುವಿ ಆದವರ ಮಕ್ಕಳ ವಯಸ್ಸು ಹೇಳ್ತದ.

ಉರ್ದು ಓದಿಸ್ಲಾಕ ರಿಟೈರ್ ಆದ ಉರ್ದು ಮಾಸ್ತರು, ಕಚೇರಿ ಮುಂದಿನ ಹಳೇ ಅರ್ಜಿ ಬರೆಯೋರು ಯಾರರೆ ಇದ್ರ ಕೇಳ್ರಿ. ಕೈಬರಹ ಬಾಳ ಗಿಚಿಗಿಚಿ ಇರ್ತದ, ಅವರೂ ನಿಂತು ನಿಂತು ಓದ್ತಾರ, ಅದಕ್ಕ ಓದುವಾಗ ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊಂಡು ಆ ಆಡಿಯೊ ಫೈಲಿಗೂ ಕಾಗದದ ಹೆಸರೇ ಇಡ್ರಿ. ಮೂಲ ಕಾಗದದ ಮ್ಯಾಲೆ ಪೆನ್ನಿಲೆ ಅರ್ಥ ಬರೀಬ್ಯಾಡ್ರಿ ದಯಮಾಡಿ.

ಗ್ರೂಪ್ ಫೋಟೊದಾಗ ಮುಖಕ್ಕ ಹೆಸರು ಹಚ್ಚಲಾಕ ಡಿಜಿಕ್ಯಾಮ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಅದ. ಸೆಟ್ಟಿಂಗ್‌ನ್ಯಾಗ ಹೆಸರು ಫೈಲಿನೊಳಗೇ ಸೇರೋ ಹಂಗ ಮಾಡ್ಕೊಂಡ್ರ ಫೋಟೊ ಎಲ್ಲಿ ಹೋದ್ರೂ ಹೆಸರು ಜೊತಿಗೇ ಹೋಗ್ತದ. ಪಿಕಾಸಾ ಚಂದ ಇತ್ತು, ಗೂಗಲ್ 2016ರಾಗ ನಿಲ್ಲಿಸಿತು, ಇನ್ನೂ ಅದನ್ನೇ ಹಿಡಕೊಂಡು ಕೂತವರು ಇಳೀರಿ. ಈ ಕೆಲಸಕ್ಕ ಆಯಿನ್ನ ಪಕ್ಕದಾಗ ಕೂಡಿಸ್ಕೊಂಡು ದೊಡ್ಡ ಸ್ಕ್ರೀನಿನ್ಯಾಗ ತೋರಸ್ರಿ, ದಿನಾ ಒಂದು ತಾಸು, ಅದಕ್ಕಿಂತ ಹೆಚ್ಚಾದ್ರ ಆಯಿಗೆ ಬ್ಯಾಸರ ಬಂದು ಎಲ್ಲಾರನ್ನೂ ‘ನಮ್ಮ ತಮ್ಮನೇ ಇರಬೇಕು’ ಅಂತಾಳ.

ಕಡೀಗೆ ಕಾಪಿ. ಒಂದು ಕಂಪ್ಯೂಟರಿನ್ಯಾಗ, ಒಂದು ಹಾರ್ಡ್ ಡಿಸ್ಕಿನ್ಯಾಗ, ಒಂದು ಬ್ಯಾರೆ ಊರಾಗಿರೋ ಅಕ್ಕನ ಮನ್ಯಾಗ ಅಥವಾ ಕ್ಲೌಡ್‌ನ್ಯಾಗ. ಗೂಗಲ್‌ದು 15 ಜಿಬಿ ಪುಕ್ಕಟೆ, ಅದ್ರಾಗ ನಿಮ್ಮ ಜಿಮೇಲೂ ಸೇರಿರ್ತದ, 600 ಡಿಪಿಐ ಫೋಟೊ ಹಾಕಿದ್ರ ಲಗೂನೇ ತುಂಬ್ತದ. ಪೆನ್‌ಡ್ರೈವ್ ನಂಬಬ್ಯಾಡ್ರಿ, ಫುಟ್‌ಪಾತಿನ ಮ್ಯಾಲೆ ಮಾರೋ ‘1 ಟಿಬಿ’ ಪೆನ್‌ಡ್ರೈವಂತೂ ಮುಟ್ಟಲೇಬ್ಯಾಡ್ರಿ, ಒಳಗ ಸ್ವಲ್ಪೇ ಜಾಗ ಇರ್ತದ, ಕಾಪಿ ಆದಂಗ ತೋರಸ್ತದ, ಆಮ್ಯಾಲೆ ಫೈಲ್ ತೆರೆಯಲ್ಲ. ಹಾರ್ಡ್ ಡಿಸ್ಕ್ ತಗಡಿನ ಶೆಡ್ಡಿನ ಕೆಳಗಿನ ಅಲಮಾರಿ ಮ್ಯಾಲೆ ಇಡಬ್ಯಾಡ್ರಿ, ಕಲಬುರಗಿ ಮೇ ತಿಂಗಳ ಬಿಸಿಲು ಗೊತ್ತೇ ಅದ. ಆರು ತಿಂಗಳಿಗೊಮ್ಮಿ ಹಚ್ಚಿ ನಾಕೈದು ಫೈಲ್ ತೆರೆದು ನೋಡ್ರಿ, ತೆರೀಲಿಲ್ಲಾಂದ್ರ ಅವತ್ತೇ ಹೊಸಾ ಡಿಸ್ಕ್ ತಂದು ಅಕ್ಕನ ಕಾಪಿಯಿಂದ ತುಂಬ್ರಿ.