ಮೊಣಕಾಲ ಚಿಪ್ಪು: ನೋವೇ, ಜಾರುವಿಕೆಯೇ?

ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವವರು, ಪೊಲೀಸ್ ನೇಮಕಾತಿಗೆಂದು ನಸುಕಿನಲ್ಲೇ ಓಡುವ ಹುಡುಗರು, ಯಾದಗಿರಿ ಕೋಟೆ ಬೆಟ್ಟ ಹತ್ತಿಳಿದವರು ಹೇಳುವ ನೋವು ಹೆಚ್ಚಾಗಿ ಒಂದೇ ಜಾಗದ್ದು: ಮೊಣಕಾಲಿನ ಮುಂದೆ, ಚಿಪ್ಪಿನ ಸುತ್ತ. ಇಪ್ಪತ್ತರ ಹುಡುಗಿಯೂ ಕೀಲು ಸವೆದೇ ಹೋಯಿತೆಂದು ಹೆದರುತ್ತಾಳೆ. ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಕಾರಣ ಸವೆತವಲ್ಲ.

ಬಾವಿಯ ರಾಟೆಯ ತೋಡಿನಲ್ಲಿ ಹಗ್ಗ ಓಡುವಂತೆ, ಕಾಲು ಮಡಚಿದಾಗ ಚಿಪ್ಪು ತೊಡೆಯೆಲುಬಿನ ತುದಿಯ ತೋಡಿನಲ್ಲಿ ಸರಿಯುತ್ತದೆ. ತೊಡೆ ಮತ್ತು ಸೊಂಟದ ಸ್ನಾಯುಗಳು ಸೋತಿದ್ದರೆ, ಇಲ್ಲವೇ ಓಟವನ್ನೋ ದುಡಿಮೆಯನ್ನೋ ಒಮ್ಮೆಲೇ ಹೆಚ್ಚಿಸಿದರೆ, ಚಿಪ್ಪಿನ ಹಿಂದೆ ಭಾರ ಬಿದ್ದು ನೋವು ಶುರುವಾಗುತ್ತದೆ.

ಮೊದಲು ಯಾವುದೆಂದು ಗುರುತಿಸಿ. ಮೆಟ್ಟಿಲು ಇಳಿಯುವಾಗ, ಕುಕ್ಕರಿಸಿದಾಗ, ಬಸ್ಸಿನಲ್ಲಿ ತಾಸುಗಟ್ಟಲೆ ಕೂತು ಎದ್ದಾಗ ನೋಯುವುದು ಒಂದು ಬಗೆ. ಓಡುತ್ತಾ ಹೊರಳಿದಾಗ ಚಿಪ್ಪು ಸಾಮಾನ್ಯವಾಗಿ ಹೊರಪಕ್ಕಕ್ಕೆ ಜಾರಿ, ಕಾಲು ಕೈಕೊಟ್ಟು, ಮೊಣಕಾಲು ಊದುವುದು ಬೇರೆ. ಕಬಡ್ಡಿ ಅಂಗಳದಲ್ಲಿ ಹದಿಹರೆಯದವರಿಗೆ ಹೀಗೆ ಆಗುವುದುಂಟು.

ಚಿಪ್ಪು ಜಾರಿದರೆ ಯಾರೂ ಎಳೆಯಬೇಡಿ, ತಿಕ್ಕಬೇಡಿ. ಕಾಲನ್ನು ಇದ್ದಂತೆಯೇ ಆಧಾರ ಕೊಟ್ಟು ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿ. ಚಿಪ್ಪು ತಾನಾಗಿಯೇ ಮರಳಿ ಕೂತಿದ್ದರೂ ಎಕ್ಸ್‌ರೇ ಬೇಕೇ ಬೇಕು. ಎಲುಬಿನ ಚೂರು ಒಳಗೇ ಉಳಿದಿರಬಹುದು.

ಬರೀ ನೋವಾದರೆ ಪೂರ್ತಿ ಮಲಗುವುದು ತಪ್ಪು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ವಿಶ್ರಾಂತಿಯ ಹೆಸರಲ್ಲಿ ಸ್ನಾಯು ಇನ್ನಷ್ಟು ಸೋಲುತ್ತದೆ. ಕೆಲವು ವಾರ ಕುಕ್ಕರಿಸುವುದು, ಇಳಿಜಾರಿನ ಓಟ ಕಡಿಮೆ ಮಾಡಿ. ರೊಟ್ಟಿ ಬಡಿಯಲು ನೆಲ ಬಿಟ್ಟು ಎತ್ತರದ ಕಟ್ಟೆ ಬಳಸಿ. ಜೊತೆಗೆ ಈ ವ್ಯಾಯಾಮ ಮಾಡಿ.

ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ. ಇನ್ನೊಂದು ಕಾಲನ್ನು ನೆಟ್ಟಗೆ, ತೊಡೆ ಬಿಗಿದು, ಮಡಚಿದ ಮೊಣಕಾಲಿನ ಎತ್ತರಕ್ಕೆ ಎತ್ತಿ 5 ಸೆಕೆಂಡು ಹಿಡಿಯಿರಿ. 10 ಸಲ ಮಾಡಿ, ದಣಿವಾರಿಸಿಕೊಂಡು ಮತ್ತೆರಡು ಸುತ್ತು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು ಸೊಂಟಕ್ಕೆ. ನೋವಿರುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ, ಆದರೆ ಚಿಪ್ಪಿನ ದಾರಿ ಸರಿಯಿಡುವುದರಲ್ಲಿ ಸೊಂಟದ ಪಾಲು ದೊಡ್ಡದು. ಇವು ಹಗುರವಾದ ಮೇಲೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರಿ. ತುಸು ನೋವಿದ್ದರೆ ಸರಿ. ಮರುದಿನವೂ ಹೆಚ್ಚಿದ್ದರೆ ವ್ಯಾಯಾಮ ಇಳಿಸಿ. ಫಲಕ್ಕೆ 6ರಿಂದ 12 ವಾರ ಬೇಕು. ಅಂಟುಪಟ್ಟಿ, ಪಟ್ಟಿಬೆಲ್ಟು ಅಷ್ಟರತನಕದ ಆಸರೆ ಮಾತ್ರ.

ಜ್ವರದ ಜೊತೆ ಕೆಂಪಾಗಿ ಊದಿದರೆ, ಕಾಲು ಸಿಕ್ಕಿಕೊಂಡರೆ, ಭಾರ ಹಾಕಲಾಗದಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಚಿಪ್ಪು ಮತ್ತೆ ಮತ್ತೆ ಜಾರುತ್ತಿದ್ದರೆ, ಒಳಪಕ್ಕದಿಂದ ಅದನ್ನು ಹಿಡಿದಿಡುವ ಹರಿದ ಲಿಗಮೆಂಟನ್ನು ಹೊಸದಾಗಿ ಕಟ್ಟುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿ.