ಮೊದಲು ಖೋಲಿಯ ಹೊಗೆ, ಆಮೇಲೆ ನನ್ನ ಸಿಗರೇಟು

ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ಅಡುಗೆ ಭಟ್ಟರಿಂದ ಹಿಡಿದು ನನ್ನ ಭಾವನವರೆಗೆ ಒಬ್ಬರೂ ನಾನು ಸಿಗರೇಟು ಬಿಡುತ್ತೇನೆಂದು ನಂಬಿರಲಿಲ್ಲ. ಬಿಟ್ಟು ಈಗ ಎರಡು ವರ್ಷದ ಹತ್ತಿರವಾಗಿದೆ. ಬಿಡಲು ಹೆಣಗುತ್ತಿರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಜಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್‌ಗಳ ಬಗ್ಗೆ ಹೆಚ್ಚು ವಿವರಿಸುವ ಅಗತ್ಯವಿಲ್ಲ.

ದಿನಕ್ಕೆ 15ರಷ್ಟಿದ್ದುದನ್ನು 5ಕ್ಕೆ ಇಳಿಸಿದಾಗ, ದೇಹವು ಒಂದೊಂದು ಸಿಗರೇಟನ್ನೂ ಬುಡದವರೆಗೆ ಆಳವಾಗಿ ಎಳೆಸಿ ತನ್ನ ಬಾಕಿಯನ್ನು ವಸೂಲು ಮಾಡಿಕೊಂಡಿತು. ಬರೀ ಗಮ್ ನೆಚ್ಚಿದ ತಿಂಗಳುಗಳಲ್ಲಿ ಅದಕ್ಕೇ ಸುಮಾರು 2,000 ರೂಪಾಯಿ ಹೋಯಿತು, ಸಿಗರೇಟಿನ ಖರ್ಚೂ ನಿಲ್ಲಲಿಲ್ಲ. ಎಳೆದ ಹೊಗೆಯಲ್ಲಿ ಚಟ ಹಿಡಿಸುವ ವಸ್ತುವಾದ ನಿಕೋಟಿನ್ 10–20 ಸೆಕೆಂಡುಗಳಲ್ಲಿ ಮಿದುಳು ಮುಟ್ಟಿ, ಹಿತವೆನಿಸುವ ರಾಸಾಯನಿಕವಾದ ಡೋಪಮೈನ್ ಉಕ್ಕಿಸುತ್ತದೆ; ಗಮ್‌ಗೆ ಆ ವೇಗವಿಲ್ಲ. ಮೇಲಾಗಿ, ಡೋಪಮೈನನ್ನು ಒಡೆಯುವ ಎಂಎಓ-ಬಿ ಎಂಬ ಕಿಣ್ವವು ಸೇದುವವರ ಮಿದುಳಿನಲ್ಲಿ ಸುಮಾರು 40 ಶೇಕಡಾ ಕಡಿಮೆಯಿರುತ್ತದೆ. ಅದನ್ನು ಅಡಗಿಸುವುದು ಹೊಗೆಯಲ್ಲಿರುವ ಬೇರೆ ವಸ್ತುಗಳೇ ಹೊರತು ನಿಕೋಟಿನ್ ಅಲ್ಲವಾದ್ದರಿಂದ, ಗಮ್ ಎಷ್ಟು ಜಗಿದರೂ ಮನಸ್ಸು ಮಂಕಾಗಿಯೇ ಉಳಿಯುತ್ತಿತ್ತು.

ದಾರಿ ತೋರಿಸಿದ್ದು 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪಿಇಟಿ ಸ್ಕ್ಯಾನ್ (ಮಿದುಳಿನೊಳಗಿನ ಚಟುವಟಿಕೆಯನ್ನು ಚಿತ್ರಿಸುವ ತಪಾಸಣೆ) ಅಧ್ಯಯನ. ಕಾರಿನಲ್ಲಿ ಒಂದು ಗಂಟೆ ಬೇರೆಯವರ ಹೊಗೆಯಲ್ಲಿ ಕೂತವರ ಮಿದುಳಿನಲ್ಲಿ, ಅವರು ಸೇದುವವರಾಗಿರಲಿ ಅಲ್ಲದಿರಲಿ, ನಿಕೋಟಿನ್ ಬಂದು ಕೂರುವ ತಾಣಗಳಾದ ಗ್ರಾಹಕಗಳ ಸುಮಾರು 19 ಶೇಕಡಾ ತುಂಬಿಕೊಂಡಿದ್ದವು. ಸೇದುವವರಲ್ಲಿ ಚಪಲವೂ ಏರಿತ್ತು. ನನ್ನ ಖೋಲಿಯಲ್ಲಿ ನನ್ನ ಜೊತೆ ಇನ್ನೂ ಮೂವರು ಸೇದುತ್ತಿದ್ದರು. ಹಗಲೆಲ್ಲ ತಡೆದುಕೊಂಡರೂ ರಾತ್ರಿ ಅವರ ಹೊಗೆ ನನ್ನ ಗ್ರಾಹಕಗಳನ್ನು ಮತ್ತೆ ಎಬ್ಬಿಸುತ್ತಿತ್ತು.

ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ 1,500 ರೂಪಾಯಿ ಕಳೆದೆ. ವಾಸನೆ ತಗ್ಗಿತು, ಚಪಲ ತಗ್ಗಲಿಲ್ಲ. ಕೊನೆಗೆ, ಒಳಗೆ ಯಾರೂ ಸೇದಬಾರದೆಂಬ ಕರಾರಿನ ಮೇಲೆ ಬಾಡಿಗೆಯಲ್ಲಿ ತಿಂಗಳಿಗೆ 1,000 ರೂಪಾಯಿ ಹೆಚ್ಚು ಕೊಡಲು ಒಪ್ಪಿದೆ. ಭಾವ ಇದನ್ನು ಹುಚ್ಚು ಎಂದರು. ನನ್ನ ಲೆಕ್ಕದಲ್ಲಿ ಅಷ್ಟು ಸಾರ್ಥಕವಾಗಿ ನಾನು ಬೇರೆಲ್ಲೂ ಹಣ ಹಾಕಿಲ್ಲ. ಖೋಲಿ ತಿಳಿಯಾದ ಮೇಲೆ ವೈದ್ಯರನ್ನು ಕೇಳಿ ಪ್ಯಾಚ್ ಹಚ್ಚಿಕೊಂಡೆ, ಚಪಲ ಉಕ್ಕಿದಾಗ ಮಾತ್ರ 2 ಮಿಲಿಗ್ರಾಂ ಗಮ್ ಬಳಸಿದೆ. ಸೇದುವವರಲ್ಲಿ ಹೆಚ್ಚಿರುವ ಗ್ರಾಹಕಗಳು ಬಿಟ್ಟ ಮೇಲೆ 6ರಿಂದ 12 ವಾರಗಳಲ್ಲಿ ಸಹಜ ಮಟ್ಟಕ್ಕೆ ಇಳಿಯುತ್ತವೆಂದು ತಿಳಿದಿದ್ದರಿಂದ ಮೂರು ತಿಂಗಳು ಗಟ್ಟಿಯಾಗಿ ಕಾದೆ.

ನಡುವೆ ಕಾಫಿಯ ಮೇಲೂ ಒಂದು ಪ್ರಯೋಗ ನಡೆಯಿತು. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನಲ್ಲಿ ಕೆಫೀನನ್ನು ಬೇಗ ಕರಗಿಸುತ್ತವೆ. ಸಿಗರೇಟು ನಿಂತಾಗ ಅಷ್ಟೇ ಕಾಫಿ ಹೆಚ್ಚು ಏರಿ ನಿದ್ದೆಗೆಡಿಸುತ್ತದೆ, ಅದನ್ನೇ ಜನ ಸಿಗರೇಟಿನ ಸಂಕಟವೆಂದು ತಿಳಿಯುತ್ತಾರೆ. ಫಿಲ್ಟರ್ ಕಾಫಿಯನ್ನು ಅರ್ಧಕ್ಕಿಳಿಸಿದ ವಾರದಲ್ಲೇ ಕೈನಡುಕ ಹೋಯಿತು. ಕಾಫಿ ಕುಡಿದ ಕಾಲು ಗಂಟೆಯೊಳಗೆ ಗಮ್ ಜಗಿದರೆ ಬಾಯಿಯ ಆಮ್ಲದಿಂದ ನಿಕೋಟಿನ್ ಸರಿಯಾಗಿ ಇಳಿಯದು ಎಂಬುದನ್ನೂ ಆಗಲೇ ಕಂಡುಕೊಂಡೆ. ಗಲ್ಲಾದ ಮೇಲೆ ಕೂತ ಸಂಜೆಗಳನ್ನು ದಾಟಿಸಿದ ಉಪಾಯವೊಂದಿದೆ. ಅದನ್ನು ಎದುರಿಗೆ ಬಂದು ಕೇಳಿದವರಿಗಷ್ಟೇ ಹೇಳುತ್ತೇನೆ.

ಈಗ ಅಡುಗೆಮನೆಯ ಹಿಂಬಾಗಿಲಿನ ಬೀಡಿಯನ್ನೂ ನಿಲ್ಲಿಸಿದ್ದೇವೆ. ಭಟ್ಟರು ಪ್ಯಾಚ್ ಶುರು ಮಾಡಿದ್ದಾರೆ, ಅದರ ಅರ್ಧ ಖರ್ಚನ್ನು ಹೋಟೆಲು ಭರಿಸುತ್ತಿದೆ.